ಕಲಬುರಗಿ ಬಿಸಿಲಿಗೆ ಬಗ್ಗುವ ನೆಕ್ಕು: ಬೇಸ್ ಗಿಟಾರನ್ನು ಹದಕ್ಕೆ ತರುವ ಬಗೆ

ಬೇಸ್ ಗಿಟಾರಿನ ನಾಲ್ಕೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ನೆಕ್ಕಿನ (ಬೆರಳಾಡಿಸುವ ಉದ್ದನೆಯ ಕತ್ತಿನ) ಮೇಲೆ ಬೀಳುವ ಒಟ್ಟು ಎಳೆತ 75ರಿಂದ 85 ಕೆಜಿ. ವಾಡಿ, ಸೇಡಂ ಕಡೆಯಿಂದ ಬರುವ ಸಿಮೆಂಟಿನ ಒಂದು ಚೀಲ 50 ಕೆಜಿ. ಅಂಥ ಒಂದೂವರೆ ಚೀಲದ ಭಾರವನ್ನು ಎರಡು ಸೆಂಟಿಮೀಟರ್ ಚಿಲ್ಲರೆ ದಪ್ಪದ ಮರದ ಪಟ್ಟಿ ಹಗಲೂ ರಾತ್ರಿ ತಡೆದುಕೊಂಡಿರುತ್ತದೆ. ತಂತಿಗಳು ಅದನ್ನು ಮುಂದಕ್ಕೆ ಬಗ್ಗಿಸುತ್ತವೆ, ಮರದೊಳಗೆ ಹುದುಗಿಸಿದ ಉಕ್ಕಿನ ಸರಳು ಹಿಂದಕ್ಕೆ ಎಳೆಯುತ್ತದೆ. ಈ ಸರಳೇ ಟ್ರಸ್ ರಾಡ್. ಎರಡೂ ಸಮತೂಕದಲ್ಲಿದ್ದರೆ ವಾದ್ಯ ಬೆರಳಿಗೆ ಒಗ್ಗುತ್ತದೆ.

ಈ ಸಮತೂಕವನ್ನು ಕೆಡಿಸುವುದು ನಮ್ಮ ಹವೆ. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿಯ ಒಣ ಬಿಸಿಲು, ಜುಲೈ ಬಂತೆಂದರೆ ತೇವ. ಮರ ಒಣಗಿದಾಗ ಕುಗ್ಗುತ್ತದೆ, ತೇವ ಕುಡಿದಾಗ ಉಬ್ಬುತ್ತದೆ. ತಂತಿ ಒತ್ತುವ ಮೇಲ್ಮೈಯಾದ ಫ್ರೆಟ್‌ಬೋರ್ಡಿನ ಬೀಟೆ ಮರವೂ ಅದರ ಬೆನ್ನಿಗಿರುವ ಮೇಪಲ್ ಮರವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಅಂಟಿಸಿದ ಜೋಡಿ ಬಾಗುತ್ತದೆ. ಎಲ್ಲೋ ದೂರದ ಕಾರ್ಖಾನೆಯ ಹವೆಯಲ್ಲಿ ಹದ ಮಾಡಿ ಪೆಟ್ಟಿಗೆಗೆ ತುಂಬಿದ ಬೇಸ್ ಕಲಬುರಗಿಗೆ ಬಂದ ಮೇಲೂ ಅದೇ ಹದದಲ್ಲಿರಬೇಕು ಎಂದು ಬಯಸುವುದು ತಪ್ಪು. ಹದಿನೈದು–ಇಪ್ಪತ್ತು ಸಾವಿರದ ಬೇಸ್ ಕೊಂಡು, ತಂತಿ ಎತ್ತರವಾಗಿ ಬೆರಳು ನೋಯುತ್ತಿದೆ ಎಂದು ಅದನ್ನು ಮೂಲೆಗಿಡುವವರು ಬಹಳ. ಆ ವಾದ್ಯಗಳಲ್ಲಿ ಹೆಚ್ಚಿನವಕ್ಕೆ ಬೇಕಿರುವುದು ಒಂದು ಗಂಟೆಯ ಕೆಲಸ.

ಕೊಳ್ಳುವ ಮೊದಲು

ಮೊದಲು ತಂತಿಯ ಉದ್ದ ನೋಡಿ. ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ನಟ್‌ನಿಂದ (ನೆಕ್ಕಿನ ತಲೆಯ ಬಳಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗಿನ (ಒಡಲಿನ ಮೇಲೆ ತಂತಿ ಕೂರುವ ತುಂಡು) ಅಳತೆಯನ್ನು 34 ಇಂಚು, ಅಂದರೆ 864 ಮಿ.ಮೀ. ಇಟ್ಟರು. ಇವತ್ತಿಗೂ ಬಹುಪಾಲು ಬೇಸ್‌ಗಳದ್ದು ಇದೇ ಅಳತೆ. ಇದರಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ (ನೆಕ್ಕಿನ ಅಡ್ಡಕ್ಕಿರುವ ಲೋಹದ ಪಟ್ಟಿ) 48.5 ಮಿ.ಮೀ.; 30 ಇಂಚಿನ ಗಿಡ್ಡ ಬೇಸ್‌ನಲ್ಲಿ 43ಕ್ಕಿಂತ ತುಸು ಕಡಿಮೆ. ಅಷ್ಟರಲ್ಲೇನಿದೆ ಅನ್ನಿಸಬಹುದು. ಆದರೆ ಒಂದರಿಂದ ನಾಲ್ಕನೆಯ ಫ್ರೆಟ್‌ವರೆಗೆ ಬೆರಳು ಚಾಚಿದಾಗ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್ ಆಗುತ್ತದೆ. ಹತ್ತು–ಹನ್ನೆರಡು ವರ್ಷದ ಮಕ್ಕಳಿಗೆ, ಕೈ ಚಿಕ್ಕದಿರುವವರಿಗೆ ಗಿಡ್ಡ ಬೇಸ್ ಕೊಡಿಸುವುದೇ ಸರಿ.

ಪ್ರಿಸಿಷನ್ ಮಾದರಿಯೋ, 1960ರಲ್ಲಿ ಬಂದ ಜಾಝ್ ಮಾದರಿಯೋ ಎಂಬ ಪ್ರಶ್ನೆಗೆ ಅಂಗೈ ಉತ್ತರ ಕೊಡುತ್ತದೆ. ಜಾಝ್ ನೆಕ್ ನಟ್ ಬಳಿ 38 ಮಿ.ಮೀ. ಅಗಲ, ಪ್ರಿಸಿಷನ್‌ನದು ಸಾಮಾನ್ಯವಾಗಿ 41ರಿಂದ 44. ಪ್ರಿಸಿಷನ್‌ನಲ್ಲಿ ಎರಡು ತುಂಡಾಗಿ ಕೂಡಿಸಿದ ಒಂದೇ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಆಯಸ್ಕಾಂತ, ಸುರುಳಿಯ ಜೋಡಿ) ಇರುತ್ತದೆ. ಆ ಎರಡು ತುಂಡು ಒಂದರ ಗುಂಯ್ ಸದ್ದನ್ನು ಇನ್ನೊಂದು ಅಳಿಸುವಂತೆ ಸುತ್ತಿರುತ್ತವೆ. ಜಾಝ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ತೆರೆದಾಗ ಮಾತ್ರ ಆ ಅನುಕೂಲ ಸಿಗುತ್ತದೆ, ಒಂದನ್ನು ಇಳಿಸಿದರೆ ಗುಂಯ್ ಮರಳುತ್ತದೆ. ಮದುವೆ ಮಂಟಪದ ದೀಪದ ಸರಗಳ ನಡುವೆ ನುಡಿಸುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹಳೆಯ ಬೇಸ್ ಕೊಳ್ಳುವುದಾದರೆ ಬೆಳಕಿನಲ್ಲಿ ನಿಂತು, ಬಂದೂಕಿನ ಗುರಿ ನೋಡುವಂತೆ, ಬ್ರಿಡ್ಜ್ ಕಡೆಯಿಂದ ನೆಕ್ಕಿನ ಎರಡೂ ಅಂಚುಗಳ ಉದ್ದಕ್ಕೆ ಕಣ್ಣು ಹಾಯಿಸಿ. ಎರಡು ಅಂಚೂ ಒಂದೇ ರೀತಿ ಬಾಗಿದ್ದರೆ ಸರಿಪಡಿಸಬಹುದು. ಒಂದು ಅಂಚು ನೇರ, ಇನ್ನೊಂದು ಬಾಗು ಎಂದರೆ ನೆಕ್ ತಿರುಚಿದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಆಮೇಲೆ ಮಾರುವವರನ್ನು ಕೇಳಿ ಟ್ರಸ್ ರಾಡ್ ನಟ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ ನೋಡಿ. ಈಗಾಗಲೇ ಕೊನೆಯವರೆಗೆ ಬಿಗಿದಿದ್ದೂ ನೆಕ್ ಮುಂದಕ್ಕೆ ಬಾಗಿದ್ದರೆ ಆ ರಾಡಿನಲ್ಲಿ ಇನ್ನು ಕೊಡಲು ಏನೂ ಉಳಿದಿಲ್ಲ.

ಕೊನೆಗೆ ಒಂದೊಂದು ತಂತಿಯ ಒಂದೊಂದು ಫ್ರೆಟ್ಟನ್ನೂ ಒತ್ತಿ ನುಡಿಸಿ. ಇಪ್ಪತ್ತು ಫ್ರೆಟ್, ನಾಲ್ಕು ತಂತಿ: ಎಂಬತ್ತು ಸ್ವರ, ಐದು ನಿಮಿಷದ ಕೆಲಸ. ಎಲ್ಲಕ್ಕಿಂತ ಸಣ್ಣದಾದ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸಾಯುವುದನ್ನು ಅನೇಕ ಬೇಸ್‌ಗಳಲ್ಲಿ ಕೇಳಬಹುದು. ಆ ಸ್ವರದ ಕಂಪನಕ್ಕೆ ನೆಕ್ ತಾನೂ ಅಲುಗಿ ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ. ಯಾವ ಹದವೂ ಇದನ್ನು ತೆಗೆಯಲಾರದು. ನೆಕ್ಕಿನ ತಲೆಯ ತುದಿಗೆ ಭಾರದ ಕ್ಲಾಂಪ್ ಹಾಕಿದರೆ ಆ ಜಾಗ ಅರ್ಧ–ಒಂದು ಫ್ರೆಟ್ ಸರಿಯುತ್ತದೆ, ಅಷ್ಟೆ. ಸ್ವಲ್ಪ ಇದ್ದರೆ ಸಹಿಸಬಹುದು. ಸ್ವರ ಒಂದು ಸೆಕೆಂಡೂ ನಿಲ್ಲದಿದ್ದರೆ ಬೇರೆ ಬೇಸ್ ನೋಡಿ.

ಹದ ಮಾಡುವ ಕ್ರಮ

ಇಲ್ಲಿ ಕ್ರಮವೇ ಮುಖ್ಯ. ಶ್ರುತಿ, ನೆಕ್ಕಿನ ಬಾಗು, ತಂತಿಯ ಎತ್ತರ, ಸ್ವರಶುದ್ಧಿ, ಪಿಕಪ್ ಎತ್ತರ. ಮೊದಲಿನದನ್ನು ಮುಟ್ಟಿದರೆ ನಂತರದವೆಲ್ಲ ಬದಲಾಗುತ್ತವೆ. ತಂತಿ ಎತ್ತರ ಎನಿಸಿದ ಕೂಡಲೇ ಸ್ಯಾಡಲ್ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರುವ ತುಂಡು) ಇಳಿಸುವುದು, ಆಮೇಲೆ ನೆಕ್ ಬಾಗಿದೆ ಎಂದು ಗೊತ್ತಾಗಿ ರಾಡ್ ತಿರುಗಿಸುವುದು, ಆಗ ಎಲ್ಲ ಕಡೆ ತಂತಿ ತಾಗಿ ಝರ್ರ್ ಎನ್ನುವುದು: ಹೆಚ್ಚಿನ ತಕರಾರು ಹುಟ್ಟುವುದು ಹೀಗೆ.

ಹೊಸ ಬೇಸ್ ಪಾರ್ಸೆಲ್‌ನಲ್ಲಿ ಬಂದರೆ ಪೆಟ್ಟಿಗೆಯನ್ನು ಒಂದು ದಿನ ಮನೆಯೊಳಗೆ ಹಾಗೇ ಇಡಿ. ತೆಗೆದು ಶ್ರುತಿ ಮಾಡಿ ಒಂದು ವಾರ ನುಡಿಸಿ. ಮರ ಇಲ್ಲಿನ ಹವೆಗೆ ಒಗ್ಗಿದ ಮೇಲೆಯೇ ಅಲೆನ್ ಕೀ ಹಿಡಿಯಿರಿ.

ದಪ್ಪ ತಂತಿಯಿಂದ ಸಣ್ಣದರವರೆಗೆ ಶ್ರುತಿ ಇ, ಎ, ಡಿ, ಜಿ. ಕೆಳಗಿನ ಇ 41.2 ಹರ್ಟ್ಜ್. ಮೊಬೈಲಿನ ಮೈಕ್ ಇಷ್ಟು ತಗ್ಗಿನ ಸದ್ದನ್ನು ಸರಿಯಾಗಿ ಹಿಡಿಯದ ಕಾರಣ ಟ್ಯೂನರ್ ಆ್ಯಪಿನ ಮುಳ್ಳು ಕುಣಿಯುತ್ತದೆ. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ, ಬರೀ ತಾಗಿಸಿ ಮೀಟಿದರೆ ಒಂದು ಸಪ್ತಕ ಮೇಲಿನ 82.4 ಹರ್ಟ್ಜ್ ಹೊರಡುತ್ತದೆ, ಅದನ್ನು ಆ್ಯಪ್ ಸುಲಭವಾಗಿ ಗುರುತಿಸುತ್ತದೆ.

ಈಗ ನೆಕ್ಕಿನ ಬಾಗು. ನೆಕ್ ಪೂರ್ತಿ ನೇರ ಇರಬಾರದು. ತಂತಿ ಕಂಪಿಸುವಾಗ ನಡುವೆ ಹೆಚ್ಚು ಅಗಲಕ್ಕೆ ಹರಡುತ್ತದೆ, ಆದ್ದರಿಂದ ನೆಕ್ಕಿನ ನಡುವೆ ಕೂದಲೆಳೆಯಷ್ಟು ತಗ್ಗು ಬೇಕು. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಕೇಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಹಿಡಿಸಿ, ಕೊನೆಯ ಫ್ರೆಟ್‌ನಲ್ಲಿ ಬೆರಳಿನಿಂದ ಒತ್ತಿ. ತಂತಿಯೇ ಈಗ ನೇರ ಪಟ್ಟಿಯಾಯಿತು. 7–8ನೇ ಫ್ರೆಟ್ ಬಳಿ ತಂತಿಯ ತಳಕ್ಕೂ ಫ್ರೆಟ್‌ನ ನೆತ್ತಿಗೂ ನಡುವೆ 0.30 ಮಿ.ಮೀ. ಸಂದು ಇರಬೇಕು, 0.25ರಿಂದ 0.40ರವರೆಗೆ ನಡೆಯುತ್ತದೆ. ಅಳೆಯಲು ಬೇಕಾದ ಫೀಲರ್ ಗೇಜ್ ಸಂಗೀತದ ಅಂಗಡಿಯಲ್ಲಿ ಸಿಗದಿದ್ದರೆ ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಮೆಕ್ಯಾನಿಕ್‌ಗಳು ಟ್ಯಾಪೆಟ್ ಅಳೆಯುವುದು ಅದರಿಂದಲೇ. ಅದೂ ಇಲ್ಲವೆಂದರೆ ಅಕೌಸ್ಟಿಕ್ ಗಿಟಾರಿನ 12ರ ಸೆಟ್ಟಿನ ಅತಿ ಸಣ್ಣ ತಂತಿಯ ತುಂಡು ತೆಗೆದುಕೊಳ್ಳಿ. ಅದರ ದಪ್ಪ 0.012 ಇಂಚು, ಅಂದರೆ ಸರಿಯಾಗಿ 0.30 ಮಿ.ಮೀ. ಸಂದಿನಲ್ಲಿ ಆ ತುಂಡು ಬೇಸ್ ತಂತಿಯನ್ನು ಎತ್ತದೆ, ಸಡಿಲವಾಗಿಯೂ ಬೀಳದೆ, ಮೆಲ್ಲಗೆ ಉಜ್ಜಿಕೊಂಡು ಹೋದರೆ ಹದ ಸರಿ ಇದೆ.

ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ನಟ್ಟಿಗೆ ಎದುರಾಗಿ ನಿಂತು ಗಡಿಯಾರದ ದಿಕ್ಕಿಗೆ ತಿರುಗಿಸಿ ಬಿಗಿ ಮಾಡಿ. ಕಡಿಮೆ ಇದ್ದರೆ ಎದುರು ದಿಕ್ಕಿಗೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ ಅಳೆಯಿರಿ, ಮರುದಿನ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಮರ ಒಂದು ರಾತ್ರಿ ತೆಗೆದುಕೊಂಡು ನಿಲ್ಲುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಕೀಲಿಯ ಅಳತೆಯಿಂದ. 3/16 ಇಂಚಿನ ನಟ್ಟಿಗೆ 4.76 ಮಿ.ಮೀ. ಕೀಲಿ ಬೇಕು. ಕೈಗೆ ಸಿಕ್ಕ 4.5ರ ಕೀಲಿ ಒಳಹೋಗುತ್ತದೆ, ತಿರುಗಿಸಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಆಮೇಲೆ ಅದನ್ನು ತೆಗೆಯುವುದು ನೆಕ್ಕಿಗೇ ಅಪಾಯ. ಬೇಸ್ ಜೊತೆ ಬಂದ ಕೀಲಿಯನ್ನು ಕಳೆಯಬೇಡಿ. ಬಿಗಿಸುವಾಗ ಗಟ್ಟಿ ಎನಿಸಿದರೆ ಬಲ ಹಾಕದೆ ತಂತಿಗಳನ್ನು ಎರಡು ಸ್ವರ ಇಳಿಸಿ, ಆಮೇಲೆ ತಿರುಗಿಸಿ.

ತಂತಿಯ ಎತ್ತರವನ್ನು 17ನೇ ಫ್ರೆಟ್ ಮೇಲೆ, ತಂತಿಯನ್ನು ಎಲ್ಲೂ ಒತ್ತದೆ ಅಳೆಯಬೇಕು. ಇ ತಂತಿಗೆ 2.4 ಮಿ.ಮೀ., ಜಿ ತಂತಿಗೆ 2.0, ನಡುವಿನ ಎರಡು ತಂತಿಗೆ ಇವುಗಳ ಮಧ್ಯೆ. ಜೋರಾಗಿ ಮೀಟುವವರು ಇನ್ನೂ ಕಾಲು ಮಿ.ಮೀ. ಏರಿಸಿಕೊಳ್ಳಲಿ. ಸ್ಯಾಡಲ್‌ನ ಎರಡು ಸ್ಕ್ರೂಗಳನ್ನು ಸಮವಾಗಿ ತಿರುಗಿಸಿ, ಓರೆಯಾದರೆ ಸ್ಯಾಡಲ್ ಪಕ್ಕಕ್ಕೆ ಜಾರುತ್ತದೆ.

ಝರ್ರ್ ಎಂಬ ಸದ್ದು ಎಲ್ಲಿ ಬರುತ್ತದೆ ಎಂಬುದೇ ರೋಗ ಯಾವುದೆಂದು ಹೇಳುತ್ತದೆ. ಮೊದಲ ಐದು ಫ್ರೆಟ್‌ಗಳಲ್ಲಿ ಬಂದರೆ ನೆಕ್ ಅತಿ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ, ರಾಡ್ ಸಡಿಲಿಸಿ. 12ರ ಆಚೆ ಮಾತ್ರ ಬಂದರೆ ಸ್ಯಾಡಲ್ ತಗ್ಗಿದೆ ಅಥವಾ ಬಾಗು ಹೆಚ್ಚಿದೆ. ಖಾಲಿ ತಂತಿಯಲ್ಲಿ ಮಾತ್ರ ಬಂದರೆ ನಟ್‌ನ ಗಾಡಿ, ಅಂದರೆ ತಂತಿ ಕೂರುವ ಗೀರು, ಆಳವಾಗಿದೆ: ಚಿಟಿಕೆ ಅಡುಗೆ ಸೋಡಾ ತುಂಬಿ ಮೇಲೊಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಿನಂತಾಗುತ್ತದೆ, ಸಣ್ಣ ಅರದಿಂದ ಮತ್ತೆ ಗಾಡಿ ಬಿಡಿಸಬಹುದು. ಒಂದೇ ಒಂದು ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನದು ಎದ್ದಿದೆ. ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ನೋಡಿ. ತಕ್ಕಡಿಯಂತೆ ಅತ್ತಿತ್ತ ತೂಗಿದರೆ ನಡುವಿನದೇ ಕಳ್ಳ. ಕಾರ್ಡ್ 85.6 ಮಿ.ಮೀ. ಉದ್ದ, ಆದ್ದರಿಂದ ಮೊದಲ ಮೂರು ಫ್ರೆಟ್‌ಗಳನ್ನು ಒಟ್ಟಿಗೆ ಮುಟ್ಟುವುದಿಲ್ಲ.

ಸ್ವರಶುದ್ಧಿಗೆ ಹೊಸ ತಂತಿ ಬೇಕು, ಸವೆದ ತಂತಿಯಲ್ಲಿ ಎಷ್ಟು ತಿಣುಕಿದರೂ ಕೂಡುವುದಿಲ್ಲ. 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಖಾಲಿ ತಂತಿಯ ಸರಿ ಮೇಲಿನ ಸಪ್ತಕ ಆಗಬೇಕು. ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪಿಕಪ್ ಎತ್ತರ ಸುಲಭ: ಕೊನೆಯ ಫ್ರೆಟ್ ಒತ್ತಿದಾಗ ಇ ತಂತಿಗೂ ಪಿಕಪ್‌ಗೂ 3.2 ಮಿ.ಮೀ., ಜಿ ತಂತಿಗೆ 2.4. ಜೋರು ಬೇಕೆಂದು ತೀರ ಹತ್ತಿರ ತಂದರೆ ಆಯಸ್ಕಾಂತ ತಂತಿಯನ್ನೇ ಎಳೆದು ಸ್ವರ ತೂರಾಡುತ್ತದೆ.

ಕೂಲರ್, ಕಾರು, ಮಳೆ

ಮರಕ್ಕೆ ಹಿತವಾದ ತೇವಾಂಶ 45ರಿಂದ 55 ಶೇಕಡಾ. ಗೋಡೆಗೆ ಒಂದು ಚಿಕ್ಕ ತೇವಮಾಪಕ ನೇತುಹಾಕಿದರೆ ಊಹಿಸುವ ಕಷ್ಟ ತಪ್ಪುತ್ತದೆ. ಬೇಸಿಗೆಯಲ್ಲಿ ನೆಕ್ಕಿನ ಅಂಚಿಗೆ ಕೈ ಸವರಿದಾಗ ಫ್ರೆಟ್‌ಗಳ ತುದಿ ಗರಗಸದಂತೆ ತಾಗಿದರೆ, ಬೆಳೆದದ್ದು ಲೋಹ ಅಲ್ಲ, ಕುಗ್ಗಿದ್ದು ಮರ. ಕೂಡಲೇ ಅರ ಹಿಡಿಯಬೇಡಿ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇಟ್ಟು ಅದನ್ನು ಬೇಸ್ ಕೇಸಿನೊಳಗೆ ಹಾಕಿ ಮುಚ್ಚಿ, ಎರಡು ವಾರ ಬಿಡಿ. ಆಮೇಲೂ ಚುಚ್ಚಿದರೆ ಅರದಿಂದ ತುದಿ ಸವರಿ.

ಬೀಟೆಯ ಫ್ರೆಟ್‌ಬೋರ್ಡ್ ಬಿಳಚಿಕೊಂಡರೆ ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಐದಾರು ಹನಿ ಬಟ್ಟೆಗೆ ಹಾಕಿ ಒರೆಸಿ, ಹತ್ತು ನಿಮಿಷದ ನಂತರ ಒಣ ಬಟ್ಟೆಯಿಂದ ತೆಗೆಯಿರಿ. ಕೊಬ್ಬರಿ ಎಣ್ಣೆ ಬೇಡ, ಜಿಡ್ಡು ಹಿಡಿದು ಕಮಟು ವಾಸನೆ ಬರುತ್ತದೆ. ಮೇಪಲ್ ಬೋರ್ಡಿಗೆ ವಾರ್ನಿಷ್ ಇರುವುದರಿಂದ ಎಣ್ಣೆಯೇ ಬೇಡ.

ನಮ್ಮ ಮನೆಗಳ ನೀರಿನ ಕೂಲರ್ ಬೇಸಿಗೆಯಲ್ಲಿ ಕೋಣೆಗೆ ತೇವ ಕೊಡುತ್ತದೆ, ಅದು ಒಳ್ಳೆಯದೇ. ಅದರ ಗಾಳಿ ನೇರವಾಗಿ ಬೇಸ್ ಮೇಲೆ ಬೀಳಬಾರದು; ತಂತಿ ಒಂದೇ ವಾರದಲ್ಲಿ ಮಂಕಾಗುತ್ತದೆ, ಸ್ಯಾಡಲ್ ಸ್ಕ್ರೂ ತುಕ್ಕು ಹಿಡಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಉಷ್ಣತೆ 60 ಡಿಗ್ರಿ ದಾಟುತ್ತದೆ, ಆ ಶಾಖಕ್ಕೆ ಅಂಟು ಮೆತ್ತಗಾಗಿ ಎಳೆತದಲ್ಲಿರುವ ನೆಕ್ ಅದೇ ಬಾಗಿನಲ್ಲಿ ಗಟ್ಟಿಯಾಗಿಬಿಡಬಹುದು. ಬೀದರಿನಿಂದ ಕಲಬುರಗಿಗೆ ಕಾರ್ಯಕ್ರಮಕ್ಕೆ ಹೊರಟವರು ಊಟಕ್ಕೆ ಇಳಿದರೆ ಬೇಸ್ ಕೂಡ ಇಳಿಯಲಿ.

ಒಟ್ಟಿನಲ್ಲಿ ವರ್ಷಕ್ಕೆ ಎರಡು ಸಲ ಬಾಗು ಅಳೆಯಿರಿ: ಏಪ್ರಿಲ್ ಮೊದಲ ವಾರ, ಜುಲೈ ಕೊನೆಯ ವಾರ. ಒಂದು ನೆಕ್ ಬೇಸಿಗೆಯಲ್ಲಿ ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಅಳೆಯದೆ ತಿರುಗಿಸುವುದು ಸಲ್ಲದು.

ಸ್ವಂತ ಕಟ್ಟುವುದಾದರೆ

ಮೊದಲ ಸಲ ನೆಕ್ ಕೊಂಡು ತನ್ನಿ, ಒಡಲು ಮಾತ್ರ ಮಾಡಿ. ನೆಕ್ ಮಾಡುವಾಗ ಫ್ರೆಟ್ ಗಾಡಿಗಳು ಅರ್ಧ ಮಿ.ಮೀ. ತಪ್ಪಿದರೂ ಸ್ವರ ಕೂಡುವುದಿಲ್ಲ. ಒಡಲಿಗೆ 44–45 ಮಿ.ಮೀ. ದಪ್ಪದ ಹಲಗೆ ಸಾಕು. ಸಾಗವಾನಿ ಬಾಗುವುದಿಲ್ಲ, ಆದರೆ ಅದರಲ್ಲಿ ಎಣ್ಣೆ ಇರುವುದರಿಂದ ಅಂಟು ಹಾಕುವ ಮೊದಲು ತಿನ್ನರ್‌ನಿಂದ ಒರೆಸಬೇಕು. ಒಡಲೊಂದೇ ಸಾಕಷ್ಟು ಭಾರ ತೂಗುತ್ತದೆ. ಯಾವ ಮರವಾದರೂ ಹಳೆಯ ಬಾಗಿಲು, ತೊಲೆಯಿಂದ ತೆಗೆದದ್ದಾದರೆ ಒಣಗಿದೆ ಎಂಬ ಧೈರ್ಯ ಇರುತ್ತದೆ, ಕೊಯ್ಯುವ ಮೊದಲು ಮೊಳೆ ಹುಡುಕಿ.

ನೆಕ್ ಕೂರುವ ಗುಂಡಿ 16 ಮಿ.ಮೀ. ಆಳ, 63.5 ಮಿ.ಮೀ. ಅಗಲ. ಬಡಿಗರಿಗೆ ಕೆಲಸ ಕೊಟ್ಟರೆ ಕಾಗದದ ನಕ್ಷೆ ಕೊಡುವ ಬದಲು ನೆಕ್ಕನ್ನೇ ಕೈಗಿತ್ತು, ತುಸು ಬಿಗಿಯಾಗಿ ಕೂಡುವಂತೆ ಕೊರೆಯಲು ಹೇಳಿ. ನಾಲ್ಕು ಸ್ಕ್ರೂಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನೆಕ್ಕಿನ ಮೇಪಲ್‌ನಲ್ಲಿ ತೂತು 3.2 ಮಿ.ಮೀ., ಒಡಲಿನಲ್ಲಿ 4.5 ಇರಬೇಕು. ಒಡಲಿನ ತೂತಿನಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ನೆಕ್ಕಿನಲ್ಲಿ ಮಾತ್ರ ಕಚ್ಚಬೇಕು. ಎರಡೂ ಕಡೆ ಕಚ್ಚಿದರೆ ಎಷ್ಟು ಬಿಗಿದರೂ ನಡುವೆ ಕಾಗದದಷ್ಟು ಸಂದು ಉಳಿಯುತ್ತದೆ, ಧ್ವನಿ ಪೊಳ್ಳಾಗುತ್ತದೆ. ಸ್ಕ್ರೂಗೆ ಮೇಣ ಸವರಿ ಹಾಕಿ, ಒಣ ಮೇಪಲ್‌ನಲ್ಲಿ ಅದರ ತಲೆ ಮುರಿಯುವುದುಂಟು.

ಬ್ರಿಡ್ಜ್ ಕೂರಿಸುವ ಜಾಗಕ್ಕೆ ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಷ್ಟು ಮಾಡಿ. ಜಿ ಸ್ಯಾಡಲನ್ನು ಬಹುತೇಕ ಮುಂದಕ್ಕೆ ತಂದು ಆ 864ರ ಗೆರೆಯ ಮೇಲೆ ನಿಲ್ಲಿಸಿ ಬ್ರಿಡ್ಜ್ ಗುರುತು ಮಾಡಿ. ದಪ್ಪ ತಂತಿಗಳ ಸ್ಯಾಡಲ್ ಹಿಂದೆ ಸರಿಯಲು ಜಾಗ ಉಳಿಯುತ್ತದೆ. ತೂತು ಕೊರೆಯುವ ಮೊದಲು ಇ ಮತ್ತು ಜಿ ತಂತಿಗಳ ಬದಲು ದಾರ ಕಟ್ಟಿ, ಕೊನೆಯ ಫ್ರೆಟ್‌ನ ಎರಡು ಅಂಚಿನಿಂದಲೂ ಸಮ ದೂರ ಇದೆಯೇ ನೋಡಿ. ಫ್ರೆಟ್ ಸಮ ಮಾಡಲು ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲನ್ನು ನಂಬಬೇಡಿ, ಕಣ್ಣಿಗೆ ಚಪ್ಪಟೆ ಕಂಡರೂ ಏರುತಗ್ಗು ಇರುತ್ತದೆ. ಪಾಲಿಶ್ ಆದ ಗ್ರಾನೈಟ್ ತುಂಡು ಅಥವಾ 10 ಮಿ.ಮೀ. ಗಾಜು ಬೇಕು. ಅಂಟಿಸಿದ ಹಲಗೆಗಳ ಮೇಲೆ ಭಾರ ಹೇರಲು ಪರಸಿ ಚೆನ್ನ.

ಒಳಗಿನ ತಂತಿ ಜೋಡಣೆಗೆ 250 ಕಿಲೋ ಓಮ್ ಪಾಟ್‌ಗಳು (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಬಿಡಿಭಾಗ), ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಪಾಟಿನ ಬೆನ್ನಿಗೆ ಬೆಸೆಯಲು 40 ವ್ಯಾಟ್ ಐರನ್ ಬೇಕು. 25ರದ್ದಾದರೆ ಬೆಸುಗೆ ಅಂಟುವಷ್ಟರಲ್ಲಿ ಪಾಟ್ ಒಳಗೇ ಸುಡುತ್ತದೆ. ಬ್ರಿಡ್ಜ್ ಕೆಳಗಿನಿಂದ ಬರುವ ಗ್ರೌಂಡ್ ವೈರ್ ಮರೆಯಬೇಡಿ.

ಗುಂಯ್ ಎನ್ನುವ ಸದ್ದಿಗೂ ಆ ವೈರಿಗೂ ನಂಟಿದೆ. ತಂತಿ ಮುಟ್ಟಿದಾಗ ಗುಂಯ್ ಇಳಿದರೆ ವೈರ್ ಸರಿ ಇದೆ, ಒಳಗೆ ತಾಮ್ರದ ಟೇಪಿನ ಕವಚ ಸಾಲದು. ತಂತಿ ಮುಟ್ಟಿದಾಗ ಚುರುಕ್ ಎಂದರೆ ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕೀಳಿ. ಅದು ಕಟ್ಟಡದ ಅರ್ಥಿಂಗ್ ದೋಷ ಇರಬಹುದು, ವೈರ್‌ಮನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜ್ ಅಳೆಸಿ. ಎರಡು–ಮೂರು ವೋಲ್ಟ್ ಮೀರಬಾರದು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಕೆಲಸ ಬಿಡುತ್ತದೆ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಬೇಕು.

ಕೋಣೆ ಮತ್ತು ಹಾರ್ಮೋನಿಯಂ

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ, ಕಲ್ಲಿನ ನೆಲದ ಕೋಣೆಯಲ್ಲಿ ಕೆಲವು ಸ್ವರ ಗುಡುಗುತ್ತವೆ, ಕೆಲವು ಮಾಯವಾಗುತ್ತವೆ. ಎರಡು ಗೋಡೆಗಳ ನಡುವಿನ ದೂರ ಸ್ವರದ ಅಲೆಯ ಅರ್ಧಕ್ಕೆ ಸಮ ಆದಾಗ ಆ ಸ್ವರ ಉಬ್ಬುತ್ತದೆ. ಹತ್ತು ಅಡಿಗೆ ಅದು 57 ಹರ್ಟ್ಜ್ ಸುಮಾರು, ಖಾಲಿ ಎ ತಂತಿಯ 55ಕ್ಕೆ ಪಕ್ಕದಲ್ಲೇ. ಹನ್ನೆರಡು ಅಡಿಗೆ 47–48, ಇ ತಂತಿಯ ಎರಡು–ಮೂರನೇ ಫ್ರೆಟ್. ಆಂಪ್‌ನ (ಆಂಪ್ಲಿಫೈಯರ್) ಬೇಸ್ ಗುಂಡಿ ತಿರುಗಿಸುವ ಮೊದಲು ಆಂಪನ್ನು ಮೂಲೆಯಿಂದ ಎರಡಡಿ ಈಚೆ ಎಳೆಯಿರಿ, ಮಂಚದ ಮೇಲೆ ಹತ್ತಿಯ ಗಾದಿ ಇರಲಿ. ಗಿಟಾರ್ ಆಂಪಿಗೆ ಬೇಸ್ ಚುಚ್ಚಿ ಜೋರು ಮಾಡಿದರೆ ಸ್ಪೀಕರ್ ಹರಿಯುತ್ತದೆ. ಕೀಬೋರ್ಡ್ ಆಂಪ್ ಆದರೆ ತಾಳುತ್ತದೆ.

ತತ್ವಪದ, ಭಜನೆ, ಕವ್ವಾಲಿಯ ಜೊತೆ ಬೇಸ್ ಸೇರಿಸುವವರು ಮೊದಲು ಟ್ಯೂನರ್ ಬದಿಗಿಡಿ. ಹಾರ್ಮೋನಿಯಂ ರೀಡುಗಳು ವರ್ಷಗಳಲ್ಲಿ ತುಸು ಸರಿದಿರುತ್ತವೆ, ವೇದಿಕೆಯಲ್ಲಿ ಅವುಗಳನ್ನು ತಿದ್ದಲಾಗದು. ಹಾರ್ಮೋನಿಯಂನ ಷಡ್ಜ ಒತ್ತಿಸಿ ಬೇಸ್ ಅದಕ್ಕೆ ಕೂಡಿಸಿ. ಷಡ್ಜ ಕಪ್ಪು ಒಂದು, ಅಂದರೆ ಸಿ ಶಾರ್ಪ್ ಆದರೆ ಎ ತಂತಿಯ 4ನೇ ಫ್ರೆಟ್ ಸಾ, ಇ ತಂತಿಯ 4ನೇ ಫ್ರೆಟ್ ಕೆಳಗಿನ ಪಾ. ಒಂದೇ ಬೆರಳಿನ ಕೆಳಗೆ ಎರಡೂ. ಮೇಲಿನ ಸಾ ಜಿ ತಂತಿಯ 6ನೇ ಫ್ರೆಟ್‌ನಲ್ಲಿ ಬರುತ್ತದೆ, ಬೇಗ ಸಾಯುವ ಸ್ವರ ಅಡಗಿರುವುದು ಅದೇ ಜಾಗದಲ್ಲಿ. ಅಲ್ಲಿ ನಿಲ್ಲಬೇಕಾದ ಸ್ವರವನ್ನು ಡಿ ತಂತಿಯ 11ನೇ ಫ್ರೆಟ್‌ನಲ್ಲಿ ನುಡಿಸಿ. ಮತ್ತು ಡಗ್ಗಾದ ಗುಂಕಾರ ಬೀಳುವ ಮಾತ್ರೆಯಲ್ಲಿ ಬೇಸ್ ತಂತಿಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿ, ಎರಡೂ ಒಂದೇ ಜಾಗಕ್ಕೆ ಹೋರಾಡಿದರೆ ಹಾಡುವವರ ಮಾತು ಕೇಳುವುದಿಲ್ಲ.